ಕೈಗಡಿಯಾರದ ಮಿಷಿನ್ ಬದಲಿಸುವ ಮೊದಲು: ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ

ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ನಮ್ಮ ಅಪ್ಪ ಮೂವತ್ತು ವರ್ಷ ಕೆಲಸ ಮಾಡಿದರು. ಕೈಯಲ್ಲಿ ಯಾವಾಗಲೂ ಒಂದು ಎಚ್‌ಎಂಟಿ ಜನತಾ. ನಿವೃತ್ತಿಯಾದ ಮೇಲೆ ಅದು ಕಪಾಟು ಸೇರಿತು. ಕೆಲವು ವರ್ಷಗಳ ನಂತರ ತೆಗೆದು ಚಾವಿ ಕೊಟ್ಟೆ. ನಡೆಯಿತು. ಆದರೆ ಗಂಟೆಗೆ ಏಳೆಂಟು ನಿಮಿಷ ಮುಂದೆ ಓಡುತ್ತಿತ್ತು. ಅಂಗಡಿಗೆ ತೋರಿಸಿದೆ. ಮುಚ್ಚಳ ತೆಗೆದು ಒಂದೇ ನೋಟ ನೋಡಿ, ‘ಮಿಷಿನ್ ಹೋಗಿದೆ, ಸೆಲ್ಲಿಂದು ಹಾಕಿ ಕೊಡ್ತೀನಿ’ ಅಂದರು.

ನಾನು ಒಪ್ಪಲಿಲ್ಲ. ಅದಕ್ಕೆ ಕಾರಣ ಇತ್ತು. ಅದಕ್ಕೂ ಮೊದಲು ಖಾನಾಪುರದ ಸೋದರಮಾವನ ವಾಚಿಗೆ ಬೇರೊಂದು ಕಡೆ ಹೀಗೇ ಮಾಡಿಸಿದ್ದೆವು. ಡಯಲ್ಲಿನ ಹಿಂದಿನ ಎರಡು ಕಾಲು ಕತ್ತರಿಸಿ, ಅಂಟು ಹಾಕಿ, ಒಳಗೆ ಸೆಲ್ ಮಿಷಿನ್ ಕೂರಿಸಿದ್ದರು. ಹಳೇ ಮಿಷಿನ್ ವಾಪಸ್ ಕೊಡಲಿಲ್ಲ. ಕೇಳಿದಾಗ ‘ಅದೆಲ್ಲಿ ಇಟ್ಟಿದ್ದೇವೋ’ ಅಂದರು. ಮಾವ ಏನೂ ಅನ್ನಲಿಲ್ಲ. ಆದರೆ ಆ ವಾಚನ್ನು ಮತ್ತೆ ಕಟ್ಟಲೂ ಇಲ್ಲ.

ಅಪ್ಪನ ಜನತಾದಲ್ಲಿ ಹಾಳಾಗಿದ್ದು ಏನೂ ಇರಲಿಲ್ಲ. ಅದಕ್ಕೆ ಕಾಂತ ಹತ್ತಿತ್ತು, ಅಂದರೆ ಒಳಗಿನ ಭಾಗಗಳು ಆಯಸ್ಕಾಂತದಂತಾಗಿದ್ದವು, ಅಷ್ಟೇ. ಆಮೇಲೆ ನಾನು ಈ ಕೆಲಸ ಕಲಿಯುತ್ತಾ ಹೋದೆ. ನೆಂಟರ, ನೆರೆಯವರ ವಾಚುಗಳನ್ನು ತೆರೆದು ನೋಡಿದೆ. ‘ಮಿಷಿನ್ ಬದಲಿಸಬೇಕು’ ಅಂತ ಬಂದ ವಾಚುಗಳಲ್ಲಿ ಹೆಚ್ಚಿನವಕ್ಕೆ ಅದು ಬೇಕಿರಲಿಲ್ಲ. ಹಾಗಾಗಿ ಬದಲಿ ಮಿಷಿನ್ ಆರಿಸುವ ಮಾತು ಈ ಬರಹದಲ್ಲಿ ಕೊನೆಗೆ ಬರುತ್ತದೆ. ಮೊದಲು ದೋಷ ಹುಡುಕೋಣ.

ತೆರೆಯುವ ಮೊದಲು ಕೇಳಿ

ವಾಚು ಒಮ್ಮೆಲೇ ನಿಂತಿತಾ, ನಿಧಾನಕ್ಕೆ ಕೆಟ್ಟಿತಾ? ಕೆಳಗೆ ಬಿದ್ದಿತ್ತಾ? ಮಳೆಯಲ್ಲಿ ನೆನೆದಿತ್ತಾ? ಗ್ಲಾಸಿನ ಒಳಗೆ ಯಾವಾಗಲಾದರೂ ಆವಿ ಕಂಡಿತ್ತಾ? ಕಟ್ಟಿಕೊಂಡವರು ಎಂಥ ಜಾಗದಲ್ಲಿ ಕೆಲಸ ಮಾಡುತ್ತಾರೆ? ಈ ಐದು ಉತ್ತರ ಸಿಕ್ಕರೆ ಅರ್ಧ ದಾರಿ ಮುಗಿದಂತೆ. ಬಿದ್ದು ನಿಂತ ವಾಚಿನಲ್ಲಿ, ಹಿಂದೆ ಮುಂದೆ ಆಡುತ್ತಾ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿರಬಹುದು. ಖಾನಾಪುರ ಕಡೆಯ ಮಳೆಗೆ ಸಿಕ್ಕ ವಾಚಿನಲ್ಲಿ ತುಕ್ಕು ಇರಬಹುದು. ಉದ್ಯಮಬಾಗ್‌ನಿಂದ ಬಂದ ವಾಚನ್ನು ಕಂಡರೆ ನಾನು ಮೊದಲು ಕಾಂತದ ಮೇಲೇ ಸಂಶಯ ಪಡುತ್ತೇನೆ.

ಚಾವಿ ಕೊಟ್ಟು ನೋಡಿ

ಕೈಯಿಂದ ಚಾವಿ ಕೊಡುವ ವಾಚಾದರೆ ನಿಧಾನಕ್ಕೆ ತಿರುಗಿಸಿ. ಇಪ್ಪತ್ತು ಮೂವತ್ತು ಸುತ್ತಿನ ಒಳಗೆ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದೆ ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇದ್ದರೆ ವಾಚಿಗೆ ಶಕ್ತಿ ಕೊಡುವ ಮೇನ್‌ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಕೊಕ್ಕೆಯಿಂದ ಜಾರಿದೆ. ಕೈ ಬಿಟ್ಟ ತಕ್ಷಣ ಚಾವಿ ಗರ್ರನೆ ಹಿಂದಕ್ಕೆ ತಿರುಗಿದರೆ, ಸ್ಪ್ರಿಂಗನ್ನು ಹಿಡಿದಿಡುವ ಕ್ಲಿಕ್ ಕೆಟ್ಟಿದೆ. ಚಾವಿ ಪೂರ್ತಿ ಕೈಗೇ ಕಿತ್ತು ಬಂದರೆ ಅದರ ಒಳಗಿನ ಕಡ್ಡಿಯನ್ನು ಹಿಡಿಯುವ ಸ್ಕ್ರೂ ಸಡಿಲ, ಅಥವಾ ಕಡ್ಡಿಯೇ ತುಕ್ಕು ಹಿಡಿದು ಮುರಿದಿದೆ. ಈ ಯಾವುದಕ್ಕೂ ಇಡೀ ಮಿಷಿನ್ ಬದಲಿಸಬೇಕಿಲ್ಲ. ಒಂದೊಂದು ಬಿಡಿ ಭಾಗ ಸಾಕು.

ಇಲ್ಲೊಂದು ಹಳೇ ನಂಬಿಕೆ ಬಗ್ಗೆ ಹೇಳಲೇಬೇಕು. ‘ಜಾಸ್ತಿ ಚಾವಿ ಕೊಟ್ಟು ಬಿಗಿಯಾಗಿ ನಿಂತುಬಿಟ್ಟಿದೆ’ ಅಂತ ಬಹಳ ಜನ ಹೇಳುತ್ತಾರೆ. ಚಾವಿ ಪೂರ್ತಿ ತುಂಬಿದ ವಾಚು ನಡೆಯಬೇಕು. ಸ್ಪ್ರಿಂಗ್ ತುಂಬಿದ್ದೂ ನಡೆಯುತ್ತಿಲ್ಲ ಅಂದರೆ ಶಕ್ತಿ ಇದೆ, ಅದು ಮುಂದಿನ ಚಕ್ರಗಳಿಗೆ ಹೋಗುತ್ತಿಲ್ಲ ಅಂತ ಅರ್ಥ. ಒಣಗಿದ ಎಣ್ಣೆಯೋ, ಧೂಳೋ, ತುಕ್ಕೋ ದಾರಿಯಲ್ಲಿ ಅಡ್ಡ ನಿಂತಿದೆ. ಚಾವಿ ಕೊಟ್ಟವರ ತಪ್ಪಲ್ಲ ಅದು.

ಆಟೋಮ್ಯಾಟಿಕ್ ವಾಚಿನ ಲೆಕ್ಕ ಬೇರೆ. ಅದರ ಸ್ಪ್ರಿಂಗ್ ತುಂಬಿದ ಮೇಲೆ ಒಳಗೇ ಜಾರುತ್ತದೆ. ಹಾಗಾಗಿ ಗಟ್ಟಿ ನಿಲುಗಡೆ ಸಿಗುವುದಿಲ್ಲ. ಹಳೇ ಸೀಕೋ 5ರಲ್ಲಿ ಬರುವ 7ಎಸ್26 ಮಿಷಿನ್‌ಗೆ ಕೈಯಿಂದ ಚಾವಿ ಕೊಡುವ ವ್ಯವಸ್ಥೆಯೇ ಇಲ್ಲ. ಅದನ್ನು ಅಲ್ಲಾಡಿಸಿಯೇ ನಡೆಸಬೇಕು. ‘ಚಾವಿ ಹತ್ತುತ್ತಿಲ್ಲ, ಹೊಸ ಮಿಷಿನ್ ಹಾಕಿ’ ಅಂತ ಇದನ್ನು ತಂದವರಿದ್ದಾರೆ. ಹಾಗೇ ಮಿಯೋಟಾ 8215 ಅನ್ನುವ ಆಟೋಮ್ಯಾಟಿಕ್ ಮಿಷಿನ್ನಿನಲ್ಲಿ ಸೆಕೆಂಡ್ ಮುಳ್ಳು ಆಗಾಗ ಒಂದು ಕ್ಷಣ ತಡೆದು ಜಿಗಿಯುತ್ತದೆ. ಅದು ಆ ಮಿಷಿನ್ನಿನ ರಚನೆಯಿಂದಲೇ ಬಂದ ಗುಣ. ದೋಷ ಅಲ್ಲ.

ವಾಚು ಮುಂದೆ ಓಡುತ್ತಿದ್ದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಳ್ಳೇ ಮಿಷಿನ್‌ಗಳು ಸುಮ್ನೆ ಬಲಿಯಾಗುವುದು ಈ ದೋಷಕ್ಕೇ.

ಬ್ಯಾಲೆನ್ಸ್ ಚಕ್ರದ ಮೇಲೆ ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗ್ ಇರುತ್ತದೆ. ಚಕ್ರ ಎಷ್ಟು ಬೇಗ ಆಡಬೇಕು ಅನ್ನುವುದನ್ನು ಅದರ ಉದ್ದ ನಿರ್ಧರಿಸುತ್ತದೆ. ಕಾಂತ ಹತ್ತಿದಾಗ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗ್ ಗಿಡ್ಡ ಆದಂತೆ. ಗಿಡ್ಡ ಸ್ಪ್ರಿಂಗ್ ಬೇಗ ಆಡುತ್ತದೆ. ವಾಚು ದಿನಕ್ಕೆ ಕೆಲವು ನಿಮಿಷ, ಜಾಸ್ತಿ ಹತ್ತಿದ್ದರೆ ಗಂಟೆಗೇ ಕೆಲವು ನಿಮಿಷ ಮುಂದೆ ಹೋಗುತ್ತದೆ.

ಅಪ್ಪ ಕೆಲಸ ಮಾಡುತ್ತಿದ್ದಲ್ಲಿ ಸರ್ಫೇಸ್ ಗ್ರೈಂಡರ್ ಇತ್ತು. ಅದರ ಮೇಜು ಕಬ್ಬಿಣದ ತುಂಡನ್ನು ಕಾಂತದಿಂದ ಹಿಡಿಯುತ್ತದೆ. ವಾಚು ಕಟ್ಟಿದ ಕೈ ದಿನಕ್ಕೆ ಎಷ್ಟು ಸಲ ಅದರ ಮೇಲೆ ಹೋಗಿರಬಹುದು! ಇವತ್ತಿನ ದಿನ ವರ್ಕ್‌ಶಾಪಿಗೆ ಹೋಗಬೇಕಾಗಿಯೂ ಇಲ್ಲ. ಮೊಬೈಲಿನ ಸ್ಪೀಕರ್, ಟ್ಯಾಬ್ಲೆಟ್ಟಿನ ಕವರ್, ಪರ್ಸಿನ ಗುಂಡಿ, ಎಲ್ಲದರಲ್ಲೂ ಕಾಂತ ಇದೆ. ರಾತ್ರಿ ವಾಚು ಬಿಚ್ಚಿ ಮೊಬೈಲ್ ಪಕ್ಕ ಇಡುವ ಅಭ್ಯಾಸ ಎಷ್ಟು ಮನೆಯಲ್ಲಿಲ್ಲ?

ಪರೀಕ್ಷೆ ಸುಲಭ. ದಿಕ್ಕು ತೋರಿಸುವ, ಶಾಲೆ ಮಕ್ಕಳ ಸಣ್ಣ ಕಂಪಾಸ್ ಒಂದು ಸಾಕು. ಮೊಬೈಲಿನೊಳಗಿನ ಕಂಪಾಸ್ ಬೇಡ, ಮೊಬೈಲನ್ನೇ ದೂರ ಇಡಿ. ನಡೆಯುತ್ತಿರುವ ವಾಚಿನ ಮೇಲೆ ಕಂಪಾಸನ್ನು ನಿಧಾನಕ್ಕೆ ಸರಿಸಿ. ಒಳಗೆ ಉಕ್ಕು ಇರುವುದರಿಂದ ಸೂಜಿ ಚೂರು ವಾಲಬಹುದು. ಅದು ಲೆಕ್ಕಕ್ಕಿಲ್ಲ. ಸೂಜಿ ಜೋರಾಗಿ ತಿರುಗಿದರೆ, ಅಥವಾ ಟಿಕ್ ಟಿಕ್ ಜೊತೆಗೇ ನಡುಗಿದರೆ ಕಾಂತ ಹತ್ತಿದೆ.

ಬಿಡಿಸುವುದಕ್ಕೆ ಡಿಮ್ಯಾಗ್ನೆಟೈಸರ್ ಅಂತ ಸಣ್ಣ ಪೆಟ್ಟಿಗೆ ಸಿಗುತ್ತದೆ. ಒಳಗೆ ಇರುವುದು ತಂತಿ ಸುರುಳಿ, ಕರೆಂಟಿನ ಮೇಲೆ ನಡೆಯುತ್ತದೆ. ವಾಚನ್ನು ಅದರ ಮೇಲೆ ಹಿಡಿದು ಗುಂಡಿ ಒತ್ತಿ. ಗುಂಡಿ ಬಿಡದೆ ವಾಚನ್ನು ನಿಧಾನಕ್ಕೆ ಒಂದು ಕೈ ದೂರ ಎಳೆಯಿರಿ. ಆಮೇಲೆ ಗುಂಡಿ ಬಿಡಿ. ಮಧ್ಯದಲ್ಲೇ ಬಿಟ್ಟರೆ ಮತ್ತೆ ಕಾಂತ ಹತ್ತುತ್ತದೆ. ಅಪ್ಪನ ಜನತಾಗೆ ಎರಡು ಸಲ ಮಾಡಿದೆ. ಗಂಟೆಗೆ ಏಳೆಂಟು ನಿಮಿಷದ ಓಟ ಅಲ್ಲಿಗೇ ನಿಂತಿತು. ಆ ಸಂಜೆ ಅಪ್ಪ ಗೋಡೆ ಗಡಿಯಾರವನ್ನೂ ಕೈ ವಾಚನ್ನೂ ಎಷ್ಟು ಸಲ ಹೋಲಿಸಿ ನೋಡಿದರೋ!

ಕಾಂತ ಇಲ್ಲದೆಯೂ ವಾಚು ಹೀಗೆ ಓಡಬಹುದು. ಹೇರ್‌ಸ್ಪ್ರಿಂಗ್ ಮೇಲೆ ಎಣ್ಣೆ ಬಿದ್ದರೂ ಸುರುಳಿಗಳು ಅಂಟುತ್ತವೆ. ನಿಂತ ವಾಚಿಗೆ ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟು ನಡೆಸುವ ರೂಢಿ ಇದೆ ನೋಡಿ, ಅದರ ಫಲ ಇದು. ಭೂತಗನ್ನಡಿಯಲ್ಲಿ ಸುರುಳಿ ಹೊಳೆಯುತ್ತಾ ಜೊತೆಯಾಗಿ ಅಂಟಿದ್ದು ಕಾಣುತ್ತದೆ. ತೊಳೆದರೆ ಸರಿಹೋಗುತ್ತದೆ.

ನಿಂತು ನಿಂತು ನಡೆಯುತ್ತಿದ್ದರೆ, ಹಿಂದೆ ಬೀಳುತ್ತಿದ್ದರೆ

ನಿಲ್ಲುವ ಸಮಯ ಬರೆದಿಡಿ. ಯಾವಾಗಲೂ ಒಂದೇ ಜಾಗದಲ್ಲಿ ನಿಂತರೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆ, ಇಲ್ಲವೇ ಗ್ಲಾಸಿಗೆ ತಾಗುತ್ತಿವೆ. ಚಿಮುಟದಿಂದ ಚೂರು ಸರಿಪಡಿಸಿದರೆ ಮುಗಿಯಿತು. ರಾತ್ರಿ ಹನ್ನೆರಡರ ಸುತ್ತ ನಿಂತರೆ ತಾರೀಖು ತಿರುಗಿಸುವ ಹಲ್ಲುಗಳನ್ನು ನೋಡಿ. ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಚಾವಿಯಿಂದ ತಾರೀಖು ಬದಲಿಸಿದರೆ ಅವು ಮುರಿಯಬಹುದು.

ಅಲ್ಲಾಡಿಸಿದಾಗ ಸ್ವಲ್ಪ ನಡೆದು ಮತ್ತೆ ನಿಂತರೆ ಎಣ್ಣೆ ಒಣಗಿದೆ. ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು.

ಇನ್ನೊಂದು ದೋಷ ಬಹಳ ಮೋಸ ಮಾಡುತ್ತದೆ. ಟಿಕ್ ಟಿಕ್ ಸರಿಯಾಗಿದೆ. ಆದರೆ ಮುಳ್ಳುಗಳು ದಿನಕ್ಕೆ ಹತ್ತು ಹದಿನೈದು ನಿಮಿಷ ಹಿಂದೆ ಬೀಳುತ್ತವೆ. ಒಂದು ದಿನ ಹತ್ತು, ಮರುದಿನ ಇಪ್ಪತ್ತು. ಇದು ಕ್ಯಾನನ್ ಪಿನಿಯನ್ ಸಡಿಲವಾದ ಲಕ್ಷಣ. ಮುಳ್ಳುಗಳನ್ನು ಹೊತ್ತ ಆ ಸಣ್ಣ ಕೊಳವೆ ತನ್ನ ಅಚ್ಚಿನ ಮೇಲೆ ಬಿಗಿಯಾಗಿ ಕೂರಬೇಕು. ಜಾರಿದರೆ ಮಿಷಿನ್ ನಡೆಯುತ್ತದೆ, ಮುಳ್ಳು ನಡೆಯುವುದಿಲ್ಲ. ಬಿಗಿ ಮಾಡುವುದು ಕೈ ಪಳಗಿದವರಿಗೆ ಐದು ನಿಮಿಷದ ಕೆಲಸ.

ಇದನ್ನು ಖಚಿತ ಮಾಡಿಕೊಳ್ಳಲು ಟಿಕ್ ಟಿಕ್ ಸದ್ದು ಕೇಳಿ ವಾಚಿನ ವೇಗ ಅಳೆಯುವ ಮೊಬೈಲಿನ ಟೈಮ್‌ಗ್ರಾಫರ್ ಆ್ಯಪ್ ನೆರವಾಗುತ್ತದೆ. ಮನೆ ಸದ್ದಿಲ್ಲದ ಹೊತ್ತಲ್ಲಿ ವಾಚನ್ನು ಮೈಕಿನ ಹತ್ತಿರ ಸ್ವಲ್ಪ ಹೊತ್ತು ಹಿಡಿದರೆ ಸಾಕು. ಜನತಾ, ಪೈಲಟ್ ತರಹದ ಎಚ್‌ಎಂಟಿಗಳಿಗೆ ಗಂಟೆಗೆ 18000 ಬಡಿತ ಅಂತ ಆರಿಸಿ, ಅಂದರೆ ಸೆಕೆಂಡಿಗೆ ಐದು. ಆ್ಯಪ್ ಸರಿಯಾದ ವೇಗ ತೋರಿಸಿ ಮುಳ್ಳು ಮಾತ್ರ ಹಿಂದೆ ಬಿದ್ದರೆ ದೋಷ ಪಿನಿಯನ್ನಿನಲ್ಲೇ ಇದೆ. ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತಿರುಗುತ್ತಿದೆ ಅನ್ನುವುದೂ ಅದರಲ್ಲಿ ಬರುತ್ತದೆ. ಪೂರ್ತಿ ಚಾವಿ ಕೊಟ್ಟು ಮಲಗಿಸಿದ ಹಳೇ ವಾಚು 250 ದಾಟಿದರೆ ನನಗೆ ಸಮಾಧಾನ. 200ಕ್ಕಿಂತ ಕೆಳಗಿದ್ದರೆ ತೊಳೆಯುವ ಹೊತ್ತು ಬಂದಿದೆ.

ಮುಚ್ಚಳ ತೆರೆದ ಮೇಲೆ

ಇಲ್ಲಿ ಮಿಷಿನ್ ಉಳಿಯುತ್ತದಾ ಇಲ್ಲವಾ ಅನ್ನುವ ತೀರ್ಮಾನ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಚಾವಿಯೊಳಗಿನ ರಬ್ಬರ್ ಸವೆದಿದ್ದರೆ ತೇವ ಒಳಗೆ ಹೋಗುತ್ತದೆ. ತುಕ್ಕು ಮೊದಲು ಹಿಡಿಯುವುದು ಚಾವಿ ಕಡ್ಡಿಗೆ ಮತ್ತು ಅದರ ಸುತ್ತಲಿನ ಸ್ಪ್ರಿಂಗ್‌ಗಳಿಗೆ. ಅಷ್ಟೇ ಇದ್ದರೆ ಆ ಭಾಗಗಳನ್ನು ಬದಲಿಸಿ. ಚಕ್ರಗಳ ತುದಿ ಅಚ್ಚುಗಳಿಗೆ, ಹೇರ್‌ಸ್ಪ್ರಿಂಗಿಗೆ ತುಕ್ಕು ಹಬ್ಬಿದ್ದರೆ ಕಷ್ಟ. ಚಕ್ರಗಳನ್ನು ಹೊತ್ತ ಪ್ಲೇಟೇ ತಿಂದುಹೋಗಿದ್ದರೆ ಇನ್ನು ಬದಲಿ ಮಿಷಿನ್ ಹುಡುಕುವುದೇ ದಾರಿ.

ಬ್ಯಾಲೆನ್ಸ್ ಚಕ್ರ ಓರೆಯಾಗಿ ವಾಲಾಡಿದರೆ ಅಚ್ಚು ಮುರಿದಿದೆ. ಎಚ್‌ಎಂಟಿಯಲ್ಲಿ ಸಿಟಿಜನ್ ಕಂಪನಿಯ ಪ್ಯಾರಾಶಾಕ್ ಅನ್ನುವ ಹೊಡೆತ ತಡೆಯುವ ಏರ್ಪಾಡಿದೆ. ಹಾಗಾಗಿ ಇದು ಅಪರೂಪ. ಆದರೂ ಎತ್ತರದಿಂದ ಬಿದ್ದರೆ ಆಗುತ್ತದೆ. ಆಗಲೂ ಬ್ಯಾಲೆನ್ಸ್ ಒಂದನ್ನೇ ಬದಲಿಸಬಹುದು.

ಬದಲಿ ಬೇಕೇ ಬೇಕು ಅಂದಾಗ: ಮೊದಲು ಅದೇ ನಂಬರ್

ಮಿಷಿನ್ನಿನ ನಂಬರ್ ಓದಿ. ಎಚ್‌ಎಂಟಿಯಲ್ಲಿ 020 ಅಥವಾ 0231 ಅಂತ ಮಿಷಿನ್ ಮೇಲೇ ಕೆತ್ತಿರುತ್ತದೆ. ಸೀಕೋದಲ್ಲಿ ಹಿಂದಿನ ಮುಚ್ಚಳದ ಮೇಲಿನ ಮೊದಲ ನಾಲ್ಕು ಅಕ್ಷರವೇ ಮಿಷಿನ್ ನಂಬರ್. ಸ್ವಿಸ್ ವಾಚುಗಳಲ್ಲಿ ಬ್ಯಾಲೆನ್ಸ್ ಚಕ್ರದ ಕೆಳಗೆ, ಪ್ಲೇಟಿನ ಮೇಲೆ ಸಣ್ಣ ಗುರುತು ಮತ್ತು ನಂಬರ್ ಇರುತ್ತದೆ. ಡಯಲ್ ಮೇಲಿನ ಹೆಸರು ನೋಡಿ ಮಿಷಿನ್ ತರಬೇಡಿ. ಒಂದೇ ಹೆಸರಿನ ವಾಚಿನಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಮಿಷಿನ್ ಬಂದಿರಬಹುದು. ಮಾಜಿ ಸೈನಿಕರ ಮನೆಗಳಿಂದ ಬಂದ ಎಚ್‌ಎಂಟಿ ಜವಾನ್ ವಾಚುಗಳಲ್ಲಿ ನಾನೇ ನೋಡಿದ್ದೇನೆ. ಕೆಲವದರಲ್ಲಿ ಚಾವಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಕೆಲವದರಲ್ಲಿ ನಿಲ್ಲುವುದಿಲ್ಲ.

ಎಚ್‌ಎಂಟಿ 1961ರಲ್ಲಿ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರುಮಾಡಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹೊಸ ಮಿಷಿನ್ ಇನ್ನು ತಯಾರಾಗುವುದಿಲ್ಲ. ಆದರೆ ಅಷ್ಟು ವರ್ಷ ತಯಾರಾದವು ಮನೆಮನೆಯಲ್ಲಿವೆ. ಹೊರಗಿನ ಕೇಸು ಸವೆದು, ಡಯಲ್ ಕಪ್ಪಾಗಿ, ಮಿಷಿನ್ ಮಾತ್ರ ಗಟ್ಟಿ ಇರುವ ವಾಚನ್ನು ಹುಡುಕಿ. ಅದೇ ನಿಮ್ಮ ದಾನಿ. ಹೊಸ ಬಣ್ಣ ಹೊಡೆದು ಹೊಳೆಯುವ ಡಯಲ್ ನೋಡಿ ಕೊಳ್ಳಬೇಡಿ. ನಿಮಗೆ ಡಯಲ್ ಬೇಡ. ಮುಚ್ಚಳ ತೆಗೆಸಿ ಒಳಗೆ ನೋಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಬಹಳ ಕೈ ಬಿದ್ದಿದೆ ಅಂತ ತಿಳಿಯಿರಿ.

ಅದೇ ನಂಬರ್ ಸಿಗದಿದ್ದರೆ ಅಳತೆ

ಉದ್ಯಮಬಾಗ್‌ನಲ್ಲಿ ವರ್ನಿಯರ್ ಅಳತೆಗೋಲು ಹಿಡಿಯಲು ಬಾರದವರು ಕಡಿಮೆ. ಆ ಕೈ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಿಷಿನ್ನಿನ ಅಗಲ ಅಳೆಯಿರಿ, ದಪ್ಪ ಅಳೆಯಿರಿ. ಡಯಲ್ ಕೂರುವ ಮಟ್ಟದಿಂದ ಚಾವಿ ಕಡ್ಡಿಯ ನಡುವಿನವರೆಗಿನ ದೂರ ಅಳೆಯಿರಿ. ಕೊನೆಯದನ್ನು ಜನ ಮರೆಯುತ್ತಾರೆ. ಅದು ಹೊಂದದಿದ್ದರೆ ಕೇಸಿನ ತೂತಿಗೂ ಕಡ್ಡಿಗೂ ನೇರ ಬರುವುದಿಲ್ಲ. ಚಾವಿ ತಿಕ್ಕುತ್ತದೆ, ಕಡ್ಡಿ ಬಾಗುತ್ತದೆ.

ಸ್ವಿಸ್ ಅಳತೆ ಲೀನ್ಯ್ ಅನ್ನುವುದರಲ್ಲಿ ಬರುತ್ತದೆ. ಒಂದು ಲೀನ್ಯ್ ಅಂದರೆ ಸುಮಾರು 2.256 ಮಿ.ಮೀ.

ಒಂದು ಉದಾಹರಣೆ. ಇಟಿಎ 2824-2 ಅನ್ನುವ ಸ್ವಿಸ್ ಆಟೋಮ್ಯಾಟಿಕ್ ಮಿಷಿನ್ ಕೆಟ್ಟಿದೆ ಅಂದುಕೊಳ್ಳಿ. ಅದರ ಅಗಲ 25.6 ಮಿ.ಮೀ., ದಪ್ಪ 4.6. ಸೆಲಿಟಾ ಕಂಪನಿಯ ಎಸ್‌ಡಬ್ಲ್ಯು200-1 ಮಿಷಿನ್ನಿನ ಅಳತೆಯೂ ಅದೇ. ಬಡಿತವೂ ಅದೇ 28800. ಡಯಲ್, ಮುಳ್ಳು ಎಲ್ಲಾ ಹಾಗೇ ಕೂರುತ್ತವೆ. ಕಣ್ಣು ಮುಚ್ಚಿ ಹಾಕಬಹುದಾದ ಬದಲಿ ಅಂದರೆ ಇದು. ಅದರ ಬದಲು ಸುಲಭಕ್ಕೆ ಸಿಗುತ್ತದೆ ಅಂತ ಮಿಯೋಟಾ 8215 ತಂದರೆ? ಅಗಲ 26 ಮಿ.ಮೀ., ದಪ್ಪ 5.67. ಒಂದು ಮಿಲಿಮೀಟರಿಗಿಂತ ಜಾಸ್ತಿ ದಪ್ಪ. ಮುಚ್ಚಳ ಕೂರುವುದಿಲ್ಲ. ಸೀಕೋದವರ ಎನ್‌ಎಚ್35 ಒಳ್ಳೇ ಮಿಷಿನ್, ಕೈಯಿಂದಲೂ ಚಾವಿ ಕೊಡಬಹುದು, ತುಂಬಿದರೆ 41 ಗಂಟೆ ನಡೆಯುತ್ತದೆ. ಆದರೆ ಅದು 27.4 ಮಿ.ಮೀ. ಅಗಲ, 5.32 ದಪ್ಪ. ಅದರ ಜಾಗ ಅದಕ್ಕೆಂದೇ ಮಾಡಿದ ಕೇಸಿನಲ್ಲಿ. ಜನತಾದಂಥ ತೆಳ್ಳಗಿನ ಕೇಸಿಗೆ ಅದನ್ನು ತುರುಕಲು ಹೋಗಬೇಡಿ.

ಮುಳ್ಳುಗಳ ತೂತಿನ ಅಳತೆಯೂ ಬೇರೆ ಬೇರೆ. ಇಟಿಎ 2824ಕ್ಕೆ ಗಂಟೆ, ನಿಮಿಷ, ಸೆಕೆಂಡ್ ಮುಳ್ಳುಗಳ ತೂತು 1.50, 0.90, 0.25 ಮಿ.ಮೀ. ಎನ್‌ಎಚ್35ಕ್ಕೆ 1.50, 0.90, 0.20. ಮಿಯೋಟಾದಲ್ಲಿ ನಿಮಿಷದ ಮುಳ್ಳಿಗೆ 1.00. ಮಿಯೋಟಾದ ಮುಳ್ಳನ್ನು ಇಟಿಎ ಮೇಲೆ ಹಾಕಿದರೆ ಸಡಿಲವಾಗಿ ಸುತ್ತುತ್ತದೆ. ತೂತು ಹಿಸುಕಿ ಕೂರಿಸಿದವರನ್ನು ನೋಡಿದ್ದೇನೆ. ಒಂದು ತಿಂಗಳಿಗೆ ಜಾರುತ್ತದೆ.

ಆಮೇಲೆ ಡಯಲ್ಲಿನ ಕಾಲುಗಳು. ಅವು ಮಿಷಿನ್ ಪ್ಲೇಟಿನ ತೂತುಗಳಲ್ಲಿ ಇಳಿಯಬೇಕು. ಜಾಗ ಹೊಂದದಿದ್ದರೆ ಕಾಲು ಕತ್ತರಿಸಿ ಅಂಟಿಸುತ್ತಾರೆ. ಹೊಸದಾಗಿ ಕೊಂಡ ಸಾದಾ ಡಯಲ್ ಆದರೆ ನನ್ನ ತಕರಾರಿಲ್ಲ. ಹಿರಿಯರ ವಾಚಿಗೆ ಅದನ್ನು ಮಾಡಬೇಡಿ. ಕತ್ತರಿಸಿದ ಕಾಲು ಮತ್ತೆ ಬರುವುದಿಲ್ಲ. ನಾಳೆ ಸರಿಯಾದ ಮಿಷಿನ್ ಸಿಕ್ಕರೂ ಡಯಲ್ ನೆಟ್ಟಗೆ ಕೂರುವುದಿಲ್ಲ. ಅಂಥ ಸಂದರ್ಭದಲ್ಲಿ ನಾನು ವಾಚನ್ನು ಹಾಗೇ ನಿಲ್ಲಿಸಿ ಇಡುತ್ತೇನೆ, ದಾನಿ ಸಿಗುವವರೆಗೆ ಕಾಯುತ್ತೇನೆ. ಒಂದು ವಾಚಿಗೆ ಎರಡು ವರ್ಷ ಕಾದಿದ್ದೇನೆ.

ತಾರೀಖಿನ ಕಿಂಡಿ ಇದ್ದರೆ ಅಂಕಿ ಅದರ ನಡುವಿಗೆ ಬರುತ್ತದಾ ಅಂತ ಕೇಸಿಗೆ ಹಾಕುವ ಮೊದಲೇ ನೋಡಿ. ಮಿಷಿನ್ ಅಗಲ ಬೇರೆಯಾದರೆ ಅಂಕಿ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಹಾಕಿದ ಮೇಲೆ

ಮುಚ್ಚಳ ಒತ್ತಿದ ತಕ್ಷಣ ವಾಚು ನಿಂತರೆ ಬಲ ಹಾಕಬೇಡಿ. ಮಿಷಿನ್ ಎತ್ತರ ಕೂತಿದೆ, ಅಥವಾ ಮುಳ್ಳು ಗ್ಲಾಸಿಗೆ ತಾಗಿದೆ. ಮುಳ್ಳುಗಳನ್ನು ಹನ್ನೆರಡು ಗಂಟೆ ಪೂರ್ತಿ ತಿರುಗಿಸಿ, ಎಲ್ಲೂ ತಾಗಬಾರದು. ಪೂರ್ತಿ ಚಾವಿ ಕೊಟ್ಟು ಮಲಗಿಸಿ ಒಂದು ದಿನ, ನಿಲ್ಲಿಸಿ ಒಂದು ದಿನ ಇಡಿ. ಹಳೇ ಎಚ್‌ಎಂಟಿ ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೆ ಚಿಂತೆ ಬೇಡ. ಚಾವಿಯ ರಬ್ಬರನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ.

ತೆಗೆದ ಮಿಷಿನ್ನನ್ನು ಕೇಳಿ ಪಡೆಯಿರಿ. ವಾಚು ಕೊಡುವ ದಿನವೇ ಮಾತಾಡಿಕೊಳ್ಳಿ, ವಾಪಸ್ ಪಡೆಯುವ ದಿನ ಅಲ್ಲ. ಸಣ್ಣ ಡಬ್ಬಿಯಲ್ಲಿ ಹಾಕಿ, ಒಂದು ಚೀಟಿ ಇಡಿ: ಯಾರ ವಾಚು, ಮಿಷಿನ್ ನಂಬರ್ ಎಷ್ಟು, ಯಾವ ದಿನ ತೆಗೆದಿದ್ದು, ಯಾವ ಭಾಗ ಕೆಟ್ಟಿತ್ತು. ಕೆಡದೇ ಉಳಿದ ಬೇರೆ ಭಾಗಗಳು ಇನ್ಯಾವುದೋ 020ಕ್ಕೆ ಬೇಕಾಗುತ್ತವೆ. ನನ್ನ ಹತ್ತಿರ ಈಗ ಅಂಥ ಹನ್ನೊಂದು ಡಬ್ಬಿಗಳಿವೆ.